ಕೆಂಪು ಅಂಚಿನ ಅಟ್ಟೆ

ಕುಂಚ ನಡುಗಿ, ಬೂಟಿನ ಬಿಳಿ ರಬ್ಬರ್ ಅಟ್ಟೆಯ ಅಂಚಿಗೆ ಎಳೆಯುತ್ತಿದ್ದ ಕೆಂಪು ಗೆರೆ ಸೊಟ್ಟಗಾಯಿತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಒರ್ನೆಲ್ಲಾ ಮೊಂತೆಗ್ರನಾರೊ ಊರಿನ ಬೂಟಿನ ಕಾರ್ಖಾನೆಗೆ ಮರಳಿದ್ದು ಅಂದೇ. ಅವಳು ಕುಂಚ ಕೆಳಗಿಟ್ಟಳು.

"ನನ್ನ ಕೈಲಾಗಲ್ಲ ಕಣೋ ಸೆತ್ತಿಮಿಯೊ. ಮನೆಗೆ ಹೋಗ್ತೀನಿ."

ಪಕ್ಕದ ಮೇಜಿನಲ್ಲಿ ಬಣ್ಣ ಹಚ್ಚುತ್ತಿದ್ದ ಸೆತ್ತಿಮಿಯೊ ಎದ್ದು ಬಂದು ಎದುರಿಗೆ ಕೂತ. "ಹೋಗಿ ಗಂಡ ಮಾಡಿದ ಅಡುಗೆ ತಿಂತೀಯಾ? ಪಾಪ! ಮಣಿಕಟ್ಟು ಮೇಜಿಗೆ ಊರು. ಕುಂಚ ಹಿಡ್ಕೊಂಡಿರು, ಸಾಕು. ಅಟ್ಟೆ ನಾನು ತಿರುಗಿಸ್ತೀನಿ."

"ನಿನ್ನ ಕೆಲಸ?"

"ಅದೆಲ್ಲಿ ಓಡಿಹೋಗುತ್ತೆ?"

ಅವನು ಸೊಟ್ಟ ಗೆರೆಯನ್ನು ಒರೆಸಿ, ಅಟ್ಟೆಯನ್ನು ಮೆಲ್ಲಗೆ ತಿರುಗಿಸಿದ. ಹಿಮ್ಮಡಿಯಿಂದ ಹೊರಟ ಗೆರೆ ಎಲ್ಲೂ ಅಲುಗದೆ ಒಂದು ಸುತ್ತು ಬಂದು ಕೂಡಿಕೊಂಡಿತು. ಒರ್ನೆಲ್ಲಾಳ ಕಣ್ಣು ತುಂಬಿತು.

"ದೇವರು ನಿನ್ನ ಚೆನ್ನಾಗಿಟ್ಟಿರಲಿ," ಎಂದಳು.

ಊರಿಗೆಲ್ಲ ಮಾತಿನಮಲ್ಲನಾಗಿದ್ದ ಸೆತ್ತಿಮಿಯೊ ತಲೆ ತಗ್ಗಿಸಿ ಇನ್ನೊಂದು ಅಟ್ಟೆ ಎತ್ತಿಕೊಂಡ.