ಕೆಟ್ಟದ್ದು ಸೆನ್ಸರ್ ಅಲ್ಲ

ಕಬ್ಬಿಣದ ಪಾನಾದ ಎರಡನೇ ಏಟಿಗೆ ಅಬ್ದುಲ್ ಕರೀಮನ ಎಡಗೈಯ ಕಿರುಬೆರಳು ಲಟಕ್ಕೆಂದಿತು.

"ಒಪ್ಪಿಕೋ ಮಿಸ್ತ್ರಿ," ಎಂದ ತಿರುಪತಿ. "ನೀ ಹಾಕಿದ ಸೆನ್ಸರ್ ಕೆಟ್ಟಿತ್ತು. ಅದಕ್ಕ ಹೊಗಿ ಕಾರಿನೊಳಗ ತುಂಬಿ ನನ್ನ ತಮ್ಮ ಸತ್ತಾನ. ನಾಳಿ ಪೊಲೀಸರ ಮುಂದ ಇಷ್ಟು ಹೇಳು, ಬಿಟ್ಟುಬಿಡ್ತೀನಿ."

ಶುಕ್ರವಾರ ಮಧ್ಯಾಹ್ನ. ರಂಗಂಪೇಟೆಯ ಗ್ಯಾರೇಜುಗಳೆಲ್ಲ ನಮಾಜಿಗೆಂದು ಬಾಗಿಲು ಹಾಕಿದ್ದವು. ಕೂಗಿದರೂ ಕೇಳುವವರಿಲ್ಲ. ಕರೀಮನೂ ಹೊರಡುವಷ್ಟರಲ್ಲಿ ತಿರುಪತಿ ತಮ್ಮನ ಕಾರನ್ನು ಒಳಗೆ ತಂದು ನಿಲ್ಲಿಸಿ ಶಟರನ್ನು ಅರ್ಧಕ್ಕೆ ಎಳೆದಿದ್ದ.

ನಾಲ್ಕು ದಿನದ ಹಿಂದೆ ತಿಂಥಣಿಯ ಹೊಳೆದಂಡೆಯಲ್ಲಿ ಅವನ ತಮ್ಮ ಭೀಮು ಕಾರಿನ ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಮಲಗಿದವನು ಏಳಲೇ ಇಲ್ಲ. ವಿಷಗಾಳಿ ಎಂದರು ಡಾಕ್ಟರು. ಹದಿನೈದು ದಿನ ಮುಂಚೆ ಆ ಕಾರಿಗೆ ಆಕ್ಸಿಜನ್ ಸೆನ್ಸರ್ ಕೂಡಿಸಿದ್ದು ಕರೀಮನೇ. ಹೊಗೆಯಲ್ಲಿ ಗಾಳಿ ಎಷ್ಟಿದೆಯೆಂದು ಎಂಜಿನ್ನಿಗೆ ತಿಳಿಸುವ ಬೆರಳುದ್ದದ ಸಾಮಾನು ಅದು.

ಒಪ್ಪಿಕೊಂಡರೆ ಜೀವ ಉಳಿಯುತ್ತದೆ, ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಕರೀಮ ಮಹಾ ಹಟಮಾರಿ. ಹಲ್ಲು ಮುರಿಸಿಕೊಂಡಾನು, ತನ್ನ ಕೆಲಸ ಕೆಟ್ಟಿತೆಂದು ಒಪ್ಪಲಾರ.

"ನಿಮ್ಮ ದುಃಖ ನನಗ ತಿಳೀತದರಿ. ಅರ್ಧ ತಾಸು ಕೊಡ್ರಿ. ತಪ್ಪು ನಂದಿದ್ರ ಇಲ್ಲೇ ಹೊಡದು ಹಾಕ್ರಿ."

"ನೋಡೋದೇನೂ ಬ್ಯಾಡ. ಒಪ್ಪಿಕೊಂಡ್ರ ಸಾಕು." ಮತ್ತೊಂದು ಏಟು ದವಡೆಗೆ ಬಿತ್ತು. ಕರೀಮ ರಕ್ತ ಉಗುಳಿ ಬಾನೆಟ್ ಎತ್ತಿದ. "ಅರ್ಧ ತಾಸಿನ್ಯಾಗ ಏನು ಸಿಗ್ತದ, ನೋಡು," ಎಂದು ತಿರುಪತಿ ನಕ್ಕ.

ಎಂಜಿನ್ ಚಾಲೂ ಮಾಡಿ ಸೆನ್ಸರಿನ ತಂತಿಗೆ ಮೀಟರ್ ಹಚ್ಚಿದ. ಅಂಕಿ ತಳದಲ್ಲೇ ಬಿದ್ದಿತ್ತು. ಹೊಗೆಯಲ್ಲಿ ಗಾಳಿ ಅತಿಯಾಗಿದೆ ಎಂದು ಅದರ ಅರ್ಥ. ಗಾಳಿ ಎಳೆಯುವ ಪೈಪಿಗೆ ತುಸು ಪೆಟ್ರೋಲ್ ಚಿಮುಕಿಸಿದ. ಅಂಕಿ ಟಣ್ಣನೆ ಮೇಲಕ್ಕೆ ಜಿಗಿಯಿತು. ಸೆನ್ಸರಿಗೆ ಏನೂ ಆಗಿರಲಿಲ್ಲ. ಹಾಗಾದರೆ ಹೆಚ್ಚಿನ ಗಾಳಿ ಬಂದದ್ದೆಲ್ಲಿಂದ?

ಹಳೆ ಮಿಸ್ತ್ರಿಗಳ ರೂಢಿಯಂತೆ, ಪೈಪು ಎಲ್ಲಾದರೂ ಸೋರುತ್ತಿದ್ದರೆ ಸದ್ದು ಕೇಳಲೆಂದು, ಒದ್ದೆ ಗೋಣಿಚೀಲವನ್ನು ಸೈಲೆನ್ಸರಿನ ಬಾಯಿಗೆ ತುರುಕಿದ. ಜಾಕ್ ಏರಿಸಿ ಅಂಗಾತ ಕಾರಿನಡಿ ಸರಿದು ಕಿವಿಗೊಟ್ಟ. ಸೆನ್ಸರಿಗೆ ಗೇಣು ಮುಂಚೆ ಸುಸ್ಸೆಂಬ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಹೊಗೆ ಪೈಪಿನಲ್ಲೊಂದು ತೂತು. ತುಕ್ಕು ತಿಂದದ್ದಲ್ಲ. ಗುಂಡಗೆ, ಅಂಚು ಹೊಳೆಯುವಂತೆ ಕೊರೆದದ್ದು. ಅದರ ನೇರಕ್ಕೆ ಸೀಟಿನಡಿಯ ತಳಕ್ಕೆ ಹಾಕುವ ರಬ್ಬರ್ ಬಿರಡೆಯೂ ಮಾಯ; ಹೊಗೆ ಸೀದಾ ಕಾರಿನೊಳಗೆ.

ತಾನು ಬದುಕಿದೆ ಎಂದು ಕರೀಮನಿಗೆ ಅಳುವೇ ಬಂತು.

"ಸಿಕ್ತರಿ! ಸೆನ್ಸರ್ ನೆಟ್ಟಗದ! ಯಾರೋ ಡ್ರಿಲ್ ಹಾಕಿ ಕೊರದಾರ. ನಿಮ್ಮ ತಮ್ಮನ್ನ ಬೇಕಂತಲೇ ಕೊಂದಾರ. ಪೊಲೀಸರಿಗೆ ನಾನ ತೋರಸ್ತೀನಿ!"

ಶಟರ್ ನೆಲಕ್ಕೆ ಬಡಿದ ಸದ್ದಾಯಿತು. ತಿರುಪತಿಯ ಚಪ್ಪಲಿಗಳು ನಿಧಾನವಾಗಿ ಬಂದು ಜಾಕಿನ ಬಳಿ ನಿಂತವು.

"ಅದನ್ನ ಕೊರಿಯಾಕ ನನಗ ಎರಡು ದಿನ ಬೇಕಾದವು, ಮಿಸ್ತ್ರಿ. ನೀ ಅರ್ಧ ತಾಸಿನ್ಯಾಗ ಹಿಡದಿ."