ಹದಿನಾಲ್ಕು ಸಾಲು

"ಆ ಹದಿನಾಲ್ಕು ಸಾಲು ಬರೆದವರು ನೀವೇನಾ?"

ಸಂದರ್ಶನದಲ್ಲಿ ಕಂಪನಿಯ ನಿರ್ದೇಶಕಿ ಎರಡನೇ ಸಲ ಕೇಳಿದರು. ಇಂಜಿನಿಯರ್‌ಗೆ ನಗು ಬಂತು. ಇಷ್ಟು ದೊಡ್ಡ ಕಂಪನಿ, ಒಂದು ಮಾತು ತಲೆಗೆ ಹೋಗಲು ಇಷ್ಟು ಹೊತ್ತು!

"ನಾನೇ. ಗರುಡ ಅಂದ್ರೆ ನಾನೇ."

ಗರುಡ ಎಂಬುದು ಅವನು ಅಂತರ್ಜಾಲದಲ್ಲಿ ಇಟ್ಟುಕೊಂಡ ಹೆಸರು. ಮಾಹಿತಿಯನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಉಚಿತ ತಂತ್ರಾಂಶ ಸಾಧನವೊಂದಿತ್ತು. ಯಾರು ಬೇಕಾದರೂ ಅದಕ್ಕೆ ತಿದ್ದುಪಡಿ ಕಳಿಸಬಹುದು. ಗರುಡ ಆರು ವರ್ಷದಿಂದ ಕಳಿಸುತ್ತಿದ್ದ, ಬಹುಪಾಲು ಅಲ್ಪವಿರಾಮ, ಪೂರ್ಣವಿರಾಮದಂಥ ಚಿಲ್ಲರೆ ತಿದ್ದುಪಡಿ. ಆಮೇಲೆ ಬಂದವು ಈ ಹದಿನಾಲ್ಕು ಸಾಲು ಕೋಡ್. ಸಾಧನದ ವೇಗ ನಾಲ್ಕು ಪಟ್ಟಾಯಿತು. ಹೆಸರು ಬಂದ ಮೇಲೆ ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಈಗ ಮುಖ್ಯ ಇಂಜಿನಿಯರ್ ಹುದ್ದೆಯ ಅರ್ಜಿಯಲ್ಲಿ ಮೊದಲ ಬಾರಿಗೆ ಗುಟ್ಟು ಬಿಟ್ಟುಕೊಟ್ಟಿದ್ದ. ಅರ್ಧ ಗಂಟೆಯಲ್ಲಿ ಫೋನ್ ಬಂದಿತ್ತು.

ಹೊರಡುವಾಗ ಹೆಂಡತಿ ಕೊಕ್ಕೆ ಹಾಕಿದ್ದಳು. "ಅದು ಇರುವೆ ಅನ್ನೋ ಹೆಸರಿನವರು ಬರೆದಿದ್ದಲ್ವಾ?"

"ಬರೆದು ವಾಪಸ್ ತಗೊಂಡ್ರಲ್ಲ! ಇರುವೆ ಅಂತ ಹೆಸರಿಟ್ಕೊಂಡವರಿಗೆ ಎದೆಗಾರಿಕೆ ಎಲ್ಲಿಂದ ಬರ್ಬೇಕು?"

"ಯಾಕೆ ತಗೊಂಡ್ರು?"

"ಕೆಳಗೆ ಏನೋ ಪುರಾಣ ಬರೆದಿದ್ರು. ಅದನ್ನೆಲ್ಲ ಓದ್ತಾ ಕೂರೋಕೆ ನನಗೇನು ಬೇರೆ ಕೆಲ್ಸ ಇಲ್ವಾ?"

ಇರುವೆ ವಾಪಸ್ ತಗೊಂಡ ಮೂರೇ ದಿನದಲ್ಲಿ ಅವೇ ಸಾಲುಗಳನ್ನು ಅವನು ತನ್ನ ಹೆಸರಲ್ಲಿ ಕಳಿಸಿದ್ದ. ಹಳೆಯ ಪರಿಚಯವೆಂದು ಸಾಧನದ ಮೇಲ್ವಿಚಾರಕರು ಕಣ್ಣು ಮುಚ್ಚಿ ಒಪ್ಪಿದ್ದರು.

"ಗರುಡ ಯಾರು ಅಂತ ಎರಡು ತಿಂಗಳಿಂದ ಹುಡುಕ್ತಾ ಇದ್ವಿ," ಎಂದರು ನಿರ್ದೇಶಕಿ.

ಅವನ ಎದೆ ಉಬ್ಬಿತು. ಹುಡುಕಬೇಕಾದದ್ದೇ. ಮೂಲೆಯಲ್ಲಿ ಕನ್ನಡಕದವನೊಬ್ಬ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಕೊರಳಲ್ಲಿ ಕಂಪನಿಯ ಕಾರ್ಡೂ ಇಲ್ಲ. ಈ ಕಾಲದಲ್ಲೂ ಪೆನ್ನು ಹಿಡಿದ ಗುಮಾಸ್ತ!

"ಬೇರೆಯವರದ್ದು ನೋಡಿ ಬರೆದದ್ದಲ್ಲ ತಾನೇ?"

"ಒಂದಕ್ಷರಾನೂ ಇಲ್ಲ."

"ಪ್ರತಿ ಸಾಲೂ ಏನು ಮಾಡುತ್ತೆ ಅಂತ ಗೊತ್ತಿದ್ದೇ ಸೇರಿಸಿದ್ರಾ?"

"ಗೊತ್ತಿಲ್ದೆ ಸೇರಿಸೋಕೆ ಆ ಇರುವೆ ಥರದವನಾ ನಾನು?"

ನಿರ್ದೇಶಕಿ ತಲೆಯೆತ್ತಿದರು. "ಇರುವೆ ಅವರ ಟಿಪ್ಪಣಿ ನೋಡಿದ್ದೀರಾ ಹಾಗಾದ್ರೆ?"

ಓದಿಲ್ಲ ಎಂದರೆ ಮರ್ಯಾದೆ ಏನು ಉಳಿಯುತ್ತದೆ? "ಪೂರ್ತಿ ಓದಿದ್ದೀನಿ. ಬರೀ ಪುಕ್ಕಲುತನ."

ಕನ್ನಡಕದವನ ಪೆನ್ನು ನಿಂತಿತು. ನಿರ್ದೇಶಕಿ ಪರದೆಯನ್ನು ಇಂಜಿನಿಯರ್‌ನತ್ತ ತಿರುಗಿಸಿದರು. ಇರುವೆಯ ಪುರಾಣವನ್ನು ಅವನು ಮೊದಲ ಬಾರಿ ಓದಿದ:

"ಇದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ವೇಗ ಯಾಕೆ ಹೆಚ್ಚಿತೆಂದು ಈಗ ತಿಳಿಯಿತು. ಹೊಸ ಪ್ರತಿ ಪೂರ್ತಿಯಾಗುವ ಮೊದಲೇ ಹಳೆಯದು ಅಳಿಸಿಹೋಗುತ್ತಿದೆ. ದಯವಿಟ್ಟು ಯಾರೂ ಸೇರಿಸಬೇಡಿ."

"ಆ ಸಾಲುಗಳಿಂದ ನಮ್ಮ ಹನ್ನೊಂದು ವರ್ಷದ ದಾಖಲೆ ಅಳಿಸಿಹೋಯ್ತು," ಎಂದರು ನಿರ್ದೇಶಕಿ. "ತಿಳಿಯದೆ ಆಗಿರಬಹುದು ಅಂತ ಇಷ್ಟು ದಿನ ಅಂದ್ಕೊಂಡಿದ್ವಿ."

ಕನ್ನಡಕದವನು ಎದ್ದು ಬಂದು, ಬರೆದ ಹಾಳೆಗಳನ್ನು ಅವನ ಮುಂದಿಟ್ಟ. "ಪ್ರತಿ ಪುಟಕ್ಕೂ ಸಹಿ ಹಾಕಿ, ಗರುಡ ಅವರೇ. ಉಳಿದದ್ದನ್ನ ಸ್ಟೇಷನ್‌ನಲ್ಲಿ ಮಾತಾಡೋಣ."