ಫೋಟೋದ ಕೆಳಗಿನ ಡಬ್ಬಿಗಳು

ಕಾಣೆಯಾದವರನ್ನು ಹುಡುಕಿಕೊಡುವ ಸಂಸ್ಥೆಯೊಂದರ ವೆಬ್‌ಸೈಟನ್ನು ನಾಗವೇಣಿ ನೋಡಿಕೊಳ್ಳುತ್ತಿದ್ದಳು. ಮೂರು ವಾರದ ಹಿಂದಷ್ಟೇ ಅದರ ಅಕ್ಷರಗಳಿಗೆ ಹೊಸ ಫಾಂಟ್ ಹಾಕಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡಿದ್ದಳು. ಹಾಗಾಗಿ ಹೆಂಗಸೊಬ್ಬಳು ಫೋನ್ ಮಾಡಿ ದೂರಿದಾಗ ಅವಳಿಗೆ ಇರುಸುಮುರುಸಾಯಿತು.

"ಮೇಡಂ, ಫೋಟೋ ಕಾಣ್ತವೆ. ಕೆಳಗೆ ಅಕ್ಷರಾನೇ ಇಲ್ಲ, ಬರೀ ಡಬ್ಬಿ ಡಬ್ಬಿ."

"ನಿಮ್ಮ ಫೋನ್ ಹಳೇದಿರ್ಬೇಕು."

"ಹೌದು ಮೇಡಂ. ನನ್ನ ಹತ್ರ ಇರೋದು ಇದೊಂದೇ."

ಆ ಮಾತು ನಾಗವೇಣಿಗೆ ಚುಚ್ಚಿತು. ಕಚೇರಿಯ ಆಯಾಳ ಹಳೆಯ ಫೋನ್ ಕೇಳಿ ಪಡೆದು ಪುಟ ತೆರೆದಳು. ನಲವತ್ತು ಮುಖಗಳು, ಒಂದರ ಕೆಳಗೂ ಹೆಸರಿಲ್ಲ, ಊರಿಲ್ಲ, ಮನೆಯವರು ಬರೆಸಿದ ಮಾತಿಲ್ಲ, ಖಾಲಿ ಚೌಕಗಳ ಸಾಲು ಮಾತ್ರ. ಇದನ್ನು ಕಂಡು ಎಷ್ಟು ಜನ ಸುಮ್ಮನಾಗಿರಬಹುದು ಎಂದು ನೆನೆದು, ಹೊಸ ಫಾಂಟನ್ನು ತೆಗೆದುಹಾಕಲು ಕೂತಳು.

"ಅಷ್ಟು ಚಂದದ ಫಾಂಟ್ ಯಾಕಮ್ಮ ತೆಗೀತೀರಿ?" ಎಂದರು ಕಾರ್ಯದರ್ಶಿ.

"ಓದೋಕೇ ಆಗ್ದಿದ್ರೆ ಚಂದ ಕಟ್ಕೊಂಡು ಏನ್ಮಾಡೋದು ಸರ್?"

ಹಳೆಯ ಫೋನುಗಳಲ್ಲೂ ಮೂಡುವ ಸಾದಾ ಫಾಂಟ್ ಹಾಕಿ, ಆ ಹೆಂಗಸಿಗೆ ತಾನೇ ಫೋನ್ ಮಾಡಿದಳು.

"ಈಗೊಂದ್ಸಲ ತೆಗೆದು ನೋಡಿ."

ಅತ್ತ ಕಡೆ ಆ ಹೆಂಗಸು ಪಿಸುದನಿಯಲ್ಲಿ ಓದಿಕೊಳ್ಳುವುದು ಕೇಳಿಸಿತು.

"ಓದೋಕಾಯ್ತಾ? ನೀವು ಹುಡುಕ್ತಿರೋದು ಯಾರನ್ನ?"

"ಯಾರನ್ನೂ ಇಲ್ಲ ಮೇಡಂ. ಎರಡನೇ ಸಾಲಲ್ಲಿರೋದು ನನ್ನ ಫೋಟೋ. ಮನೆಯವ್ರು ಬೈದು ಬರ್ಸಿದಾರೋ, ಬಾ ಅಂತ ಕರ್ದಿದಾರೋ, ಇಷ್ಟು ದಿನ ಗೊತ್ತಾಗ್ಲಿಲ್ಲ."